ಅಳತೆ ಟೇಪ್ ಹಿಡಿದು ಒಂದು ಸುತ್ತು: ಹಳೆಯ ಕಟ್ಟಡಗಳಿಗೆ ಸುಗಮ್ಯತೆಯ ತಪಾಸಣೆ

(ಸಯನ್‌ನಲ್ಲಿ ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಮಾತನಾಡಲು ನನ್ನನ್ನು ಕರೆದಾಗ "ವಿಷಯ ನೀವೇ ಆರಿಸಿಕೊಳ್ಳಿ" ಎಂದರು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು ಎಂದ ಮೇಲೆ ಮೊಬೈಲ್ ವಂಚನೆ, ಕೃತಕ ಬುದ್ಧಿಮತ್ತೆ ಇಂಥದ್ದೇನಾದರೂ ಹೇಳಬಹುದೆಂದು ನೀವು ನಿರೀಕ್ಷಿಸಿರಬಹುದು. ನಾನಿಂದು ಮಾತನಾಡಲು ಹೊರಟಿರುವುದು ಮೆಟ್ಟಿಲು, ಬಾಗಿಲು, ಶೌಚಾಲಯಗಳ ಬಗ್ಗೆ. ಇದಕ್ಕೂ ನನ್ನ ಕೆಲಸಕ್ಕೂ ಸಂಬಂಧವಿದೆ.

ನಾವು ತಯಾರಿಸುವ ವೆಬ್‌ಸೈಟ್, ಆ್ಯಪ್‌ಗಳನ್ನು ಗ್ರಾಹಕರ ಕೈಗೆ ಕೊಡುವ ಮೊದಲು ಪರೀಕ್ಷೆ ಮಾಡುತ್ತೇವೆ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಬಳಸಿ ಇದನ್ನು ನಡೆಸಬಲ್ಲರೇ? ಮೌಸ್ ಹಿಡಿಯಲಾಗದವರು ಬರೀ ಕೀಬೋರ್ಡ್‌ನಿಂದ ಹಣ ಕಳಿಸಬಲ್ಲರೇ? ಇದಕ್ಕೆ ಒಂದು ಪಟ್ಟಿಯೇ ಇರುತ್ತದೆ. ಒಂದೊಂದು ಅಂಶವನ್ನೂ ನೋಡಿ ಸರಿ, ತಪ್ಪು ಎಂದು ಗುರುತು ಹಾಕುತ್ತೇವೆ. ಯಾವ ದೋಷದಿಂದ ಕೆಲಸ ಪೂರ್ತಿ ನಿಲ್ಲುತ್ತದೆ, ಯಾವುದರಿಂದ ಕಷ್ಟವಾಗುತ್ತದೆ ಎಂದು ಬೇರೆ ಬೇರೆ ಬರೆಯುತ್ತೇವೆ. ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಹೀಗೆ ವರ್ಷಗಟ್ಟಲೆ ಮಾಡಿದ ಮೇಲೆ ಕಟ್ಟಡಗಳನ್ನು ನೋಡಿದರೂ ಅದೇ ಪ್ರಶ್ನೆ ಬರುತ್ತದೆ. ಕಟ್ಟಡಕ್ಕೆ ಐವತ್ತು ವರ್ಷದ ಹಿಂದೆ ಯಾರೋ ಒಂದು ಪ್ರಮಾಣಪತ್ರ ಕೊಟ್ಟರು. ಆಮೇಲೆ ಅದನ್ನು ಬಳಸುವ ಜನರೆಲ್ಲ ಬದಲಾದರು, ವಯಸ್ಸಾದರು. ಕಟ್ಟಡವನ್ನು ಮಾತ್ರ ಯಾರೂ ಮತ್ತೆ ಪರೀಕ್ಷಿಸಲಿಲ್ಲ.

ಇದು ಯಾರೋ ಕೆಲವರ ವಿಷಯ ಎಂದು ದಯವಿಟ್ಟು ತಿಳಿಯಬೇಡಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ, ಅಂದರೆ ಜನಸಂಖ್ಯೆಯ ಶೇ. 2.21. ಆಗ ಲೆಕ್ಕ ಹಾಕಿದ್ದು ಕೆಲವೇ ಬಗೆಯ ವೈಕಲ್ಯಗಳನ್ನು. 1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. 2016ರ ಹೊಸ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಇದರ ಹೊರಗೆ ಇನ್ನೂ ಎಷ್ಟು ಜನರಿಲ್ಲ? ಮಂಡಿ ಶಸ್ತ್ರಚಿಕಿತ್ಸೆ ಆದವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ತುಂಬು ಗರ್ಭಿಣಿ, ಮಗುವನ್ನು ತಳ್ಳುಗಾಡಿಯಲ್ಲಿ ತರುವ ತಾಯಿ, ಕಾಲು ಮುರಿದು ಮೂರು ತಿಂಗಳು ಪ್ಲಾಸ್ಟರ್ ಹಾಕಿಸಿಕೊಂಡವರು.

ನಮ್ಮ ಸಂಘ ಸಂಸ್ಥೆಗಳ ಮಟ್ಟಿಗಂತೂ ಇದು ಮನೆಯ ವಿಷಯ. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಚಿಕ್ಕ ವಯಸ್ಸಿನಲ್ಲಿ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಪೀಳಿಗೆಯೊಂದಿದೆ. ಈ ನಗರದ ಕನ್ನಡ ಸಂಘಗಳ ಸಭಾಗೃಹಗಳು ಎದ್ದದ್ದು ಅವರು ಮನೆ ಮನೆ ತಿರುಗಿ ಸೇರಿಸಿದ ಹಣದಿಂದ. ಅವರ ಮನೆಯ ಹೆಂಗಸರು ಹಪ್ಪಳ ಲಟ್ಟಿಸಿ, ನಾಟಕಕ್ಕೆ ಟಿಕೆಟ್ ಮಾರಿ ಜತೆಗೆ ನಿಂತರು. ಇಂದು ಅವರಿಗೆಲ್ಲ ಎಂಬತ್ತು ದಾಟಿದೆ. ಅನೇಕರ ಫೋಟೋ ಸಭಾಗೃಹದ ಗೋಡೆಯ ಮೇಲಿದೆ, ಅವರು ಮಾತ್ರ ಮನೆಯಲ್ಲಿ ಕುಳಿತಿದ್ದಾರೆ. ಕೇಳಿದರೆ "ಈಗ ಆಗುವುದಿಲ್ಲಮ್ಮ, ಮೆಟ್ಟಿಲು ಹತ್ತಲಿಕ್ಕೆ ಕಷ್ಟ" ಎನ್ನುತ್ತಾರೆ. ಕಾರ್ಯಕ್ರಮಕ್ಕೆ ಜನ ಕಡಿಮೆಯಾಗುತ್ತಿದ್ದಾರೆ ಎಂದು ಪ್ರತಿ ಸಭೆಯಲ್ಲೂ ಚಿಂತಿಸುವ ನಾವು, ಬರಬೇಕೆಂದು ಆಸೆಯಿದ್ದೂ ಬರಲಾಗದವರು ಎಷ್ಟು ಮಂದಿ ಎಂದು ಒಮ್ಮೆಯೂ ಎಣಿಸಿಲ್ಲ.

ಕಾನೂನು ಏನು ಹೇಳುತ್ತದೆ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಇದರಲ್ಲಿ 'ಸಾರ್ವಜನಿಕ ಕಟ್ಟಡ' ಎಂದರೆ ಬರೀ ಸರಕಾರಿ ಕಚೇರಿಯಲ್ಲ. ಜನರು ಬಳಸುವ ಖಾಸಗಿ ಕಟ್ಟಡವೂ ಸೇರುತ್ತದೆ. ಶಾಲೆ, ಆಸ್ಪತ್ರೆ, ಅಂಗಡಿ, ಕೆಲಸದ ಸ್ಥಳ, ರೈಲು ನಿಲ್ದಾಣಗಳ ಜತೆಗೆ ಧಾರ್ಮಿಕ, ಸಾಂಸ್ಕೃತಿಕ ಚಟುವಟಿಕೆಯ ಕಟ್ಟಡಗಳನ್ನೂ ಕಾಯ್ದೆ ಹೆಸರಿಸಿ ಹೇಳುತ್ತದೆ. ಅಂದರೆ ನಮ್ಮ ದೇವಸ್ಥಾನಗಳು, ಮದುವೆ ಹಾಲ್‌ಗಳು, ಸಂಘದ ಸಭಾಗೃಹಗಳು ಎಲ್ಲವೂ ಇದರೊಳಗೆ ಬರುತ್ತವೆ.

ಹೊಸ ಕಟ್ಟಡವಾದರೆ, ಸುಗಮ್ಯತೆಯ ನಿಯಮ ಪಾಲಿಸದೆ ಪೂರ್ಣತಾ ಪ್ರಮಾಣಪತ್ರ ಕೊಡುವಂತಿಲ್ಲ ಎಂದು 44ನೇ ಕಲಂ ಹೇಳುತ್ತದೆ. ಈಗಾಗಲೇ ಇರುವ ಕಟ್ಟಡಗಳದ್ದು 45ನೇ ಕಲಂ. ನಿಯಮಗಳು ಹೊರಬಿದ್ದ ದಿನದಿಂದ ಐದು ವರ್ಷದೊಳಗೆ ಅವೆಲ್ಲ ಸುಗಮವಾಗಬೇಕು. ನಿಯಮಗಳು ಬಂದದ್ದು 2017ರ ಜೂನ್ 15ರಂದು, ಐದು ವರ್ಷ ಮುಗಿದದ್ದು 2022ರ ಜೂನ್‌ನಲ್ಲಿ. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

ಇದಕ್ಕೂ ಮೊದಲೇ, 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ ಆರಂಭವಾಯಿತು. ಆಯ್ದ 50 ನಗರಗಳಲ್ಲಿ, ಪ್ರತಿ ನಗರದಲ್ಲಿ 25ರಿಂದ 50 ಮುಖ್ಯ ಸರಕಾರಿ ಕಟ್ಟಡಗಳನ್ನು ತಪಾಸಣೆ ಮಾಡಿ ಸರಿಪಡಿಸುವ ಗುರಿ ಅದರದ್ದು. ತಪಾಸಣೆಯ ವರದಿಗಳು ಬೇಗ ಬಂದವು, ಕಟ್ಟಡಗಳು ಬದಲಾಗುವುದು ನಿಧಾನವಾಯಿತು. ಕಣ್ಣಿನ ದೃಷ್ಟಿ ಇಲ್ಲದ ರಾಜೀವ್ ರತೂರಿ ಅವರು 2005ರಲ್ಲೇ ಈ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಡಿಸೆಂಬರ್‌ನಲ್ಲಿ ಕೋರ್ಟು ಗಡುವುಗಳನ್ನು ಹಾಕಿತು. ಗಡುವುಗಳು ದಾಟಿದವು. 2024ರ ನವೆಂಬರ್ 8ರಂದು ಅದೇ ಪ್ರಕರಣದಲ್ಲಿ ಕೋರ್ಟು ಇನ್ನೊಂದು ಮುಖ್ಯ ಮಾತು ಹೇಳಿತು: ಕಾಯ್ದೆ 'ಕಡ್ಡಾಯ' ಎನ್ನುತ್ತಿರುವಾಗ 15ನೇ ನಿಯಮ ಬರೀ 'ಸಲಹೆ'ಯ ರೂಪದ ಮಾರ್ಗಸೂಚಿಗಳನ್ನು ಕೊಡುವುದು ಸರಿಯಲ್ಲ, ಕನಿಷ್ಠ ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸಿ.

ನಮ್ಮದೇ ನಗರದ ಒಂದು ಉದಾಹರಣೆ ನಿಮಗೆ ನೆನಪಿರಬಹುದು. 2023ರ ಅಕ್ಟೋಬರ್‌ನಲ್ಲಿ ವೀಲ್‌ಚೇರ್ ಬಳಸುವ ಹೋರಾಟಗಾರ್ತಿ ವಿರಾಲಿ ಮೋದಿ ಅವರ ಮದುವೆ. ಖಾರ್‌ನ ವಿವಾಹ ನೋಂದಣಿ ಕಚೇರಿ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಸಹಿ ಪಡೆಯಲು ಅಧಿಕಾರಿಗಳು ಕೆಳಗಿಳಿದು ಬರಲಿಲ್ಲ, ಕಡಿದಾದ ಮೆಟ್ಟಿಲ ಮೇಲೆ ತನ್ನನ್ನು ಎತ್ತಿಕೊಂಡು ಹೋಗಬೇಕಾಯಿತು ಎಂದು ಅವರೇ ಬರೆದರು. ದೇಶವೆಲ್ಲ ಸುದ್ದಿಯಾಯಿತು, ಆಗಿನ ಉಪಮುಖ್ಯಮಂತ್ರಿ ಕ್ಷಮೆ ಕೇಳಿದರು. ಮದುವೆಯ ದಿನ, ಸೀರೆ ಒಡವೆಯಲ್ಲಿರುವ ಹೆಣ್ಣನ್ನು ಸಾಮಾನಿನ ಹಾಗೆ ಮೇಲೆ ಹೊರುವುದು ಎಂದರೆ ಹೇಗಿರುತ್ತದೆ ಎಂದು ಇಲ್ಲಿ ಕೂತಿರುವ ನಿಮಗೆ ನಾನು ವಿವರಿಸಬೇಕಿಲ್ಲ. "ನಾಲ್ಕು ಜನ ಹುಡುಗರು ಎತ್ತಿ ಒಯ್ಯುತ್ತಾರೆ, ಅದಕ್ಕೇನು?" ಎಂದು ನಮ್ಮಲ್ಲೂ ಹೇಳುವುದುಂಟು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಎತ್ತಿಸಿಕೊಳ್ಳಬೇಕಾದವರು ಆ ಮುಜುಗರಕ್ಕೆ ಅಂಜಿ ಮುಂದಿನ ಸಲ ಬರುವುದೇ ಇಲ್ಲ.

ಸಯನ್‌ನ ಕಟ್ಟಡಗಳು ಏಕೆ ಹೀಗಿವೆ?

ಸಯನ್, ಮಾಟುಂಗಾ, ದಾದರ್ ಪ್ರದೇಶಗಳನ್ನು ಬಡಾವಣೆಯಾಗಿ ರೂಪಿಸಿದ್ದು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಸಂಸ್ಥೆ ಅದು. ಗಾಳಿ ಬೆಳಕು ಬರಬೇಕೆಂದು ಅಗಲ ರಸ್ತೆ, ಮರಗಳು, ಎರಡು ಮೂರು ಮಹಡಿಯ ಮನೆಗಳು. ಆರೋಗ್ಯದ ದೃಷ್ಟಿಯಿಂದ ಬಹಳ ಒಳ್ಳೆಯ ಯೋಜನೆ. ಆದರೆ ಅಷ್ಟು ಎತ್ತರಕ್ಕೆ ಲಿಫ್ಟ್ ಬೇಕೆಂದು ಆಗ ಯಾರಿಗೂ ಅನಿಸಲಿಲ್ಲ. ಇನ್ನೊಂದು ಕಾರಣ ನೀರು. ಸಯನ್ ರೋಡ್ ನಂ. 24, ಗಾಂಧಿ ಮಾರ್ಕೆಟ್, ಕಿಂಗ್ಸ್ ಸರ್ಕಲ್ ಮಳೆಗಾಲದಲ್ಲಿ ಏನಾಗುತ್ತವೆ ಎಂದು ನಿಮಗೆ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಮೇಲೆ ನೆಲ ಎತ್ತರಿಸುವುದು ಇನ್ನೂ ಹೆಚ್ಚಾಯಿತು. ನೀರು ಒಳಗೆ ಬಾರದಿರಲಿ ಎಂದು ಎತ್ತರಿಸಿದ ಆ ಎರಡು ಮೂರು ಮೆಟ್ಟಿಲೇ ವೀಲ್‌ಚೇರನ್ನೂ ಹೊರಗೇ ನಿಲ್ಲಿಸುತ್ತದೆ. ಹಾಗಾಗಿ ಇಲ್ಲಿ ಮೆಟ್ಟಿಲು ಒಡೆದು ಹಾಕಿ ಎಂದು ಸುಮ್ಮನೆ ಹೇಳಿದರೆ ಆಗದು. ನೀರನ್ನೂ ತಡೆಯಬೇಕು, ಜನರನ್ನೂ ಒಳಗೆ ಬಿಡಬೇಕು. ಅದಕ್ಕೇ ಮೊದಲು ಅಳೆಯಬೇಕು.

ತಪಾಸಣೆ ಹೇಗೆ?

ಪೂರ್ಣ ಪ್ರಮಾಣದ ತಪಾಸಣೆಗೆ ತರಬೇತಿ ಪಡೆದ ಪರಿಣತರಿದ್ದಾರೆ. ಗೋಡೆ ಒಡೆಯುವ ಕೆಲಸವಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು. ಆದರೆ ಮೊದಲ ಸುತ್ತನ್ನು ನಾವೇ ಮಾಡಬಹುದು. ಬೇಕಾದದ್ದು ಒಂದು ಅಳತೆ ಟೇಪ್, ಒಂದು ನೋಟ್‌ಬುಕ್, ಫೋಟೋ ತೆಗೆಯಲು ಮೊಬೈಲ್. ಕೇಂದ್ರ ಸರಕಾರ 2021ರಲ್ಲಿ ಪ್ರಕಟಿಸಿದ ಸುಗಮ್ಯತೆಯ ಮಾರ್ಗಸೂಚಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅತಿಥಿಯೊಬ್ಬರು ಬರುವ ದಾರಿಯಲ್ಲೇ ನಾವೂ ನಡೆಯುತ್ತ ಹೋಗಬೇಕು.

ಮೊದಲು ರಸ್ತೆಯಿಂದ ಗೇಟು. ಟ್ಯಾಕ್ಸಿ ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಗೇಟಿನವರೆಗೆ ಗಟಾರದ ಜಾಲರಿ, ಮುರಿದ ಕಲ್ಲು, ಅಡ್ಡ ನಿಂತ ಸ್ಕೂಟರುಗಳಿವೆಯೇ? ಬೈಕ್ ನುಗ್ಗದಿರಲಿ ಎಂದು ಫುಟ್‌ಪಾತಿನಲ್ಲಿ ನೆಟ್ಟ ಕಂಬಗಳ ನಡುವೆ ವೀಲ್‌ಚೇರ್ ಹೋಗುತ್ತದೆಯೇ?

ಎರಡನೆಯದು ಪ್ರವೇಶ. ಮೆಟ್ಟಿಲಿದ್ದರೆ ಪಕ್ಕದಲ್ಲಿ ರ‍್ಯಾಂಪ್ ಬೇಕು. ಅದರ ಕಡಿದು 1:12ಕ್ಕಿಂತ ಹೆಚ್ಚಾಗಬಾರದು. ನೆನಪಿಟ್ಟುಕೊಳ್ಳಲು ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲು ಎಂದರೆ 18 ಇಂಚು, ರ‍್ಯಾಂಪ್ 18 ಅಡಿ ಬೇಕು. ನಮ್ಮ ಕಡೆ ನೋಡುವುದು ನಾಲ್ಕು ಅಡಿಯ ಸಿಮೆಂಟ್ ಇಳಿಜಾರು. ಅದು ಸಾಮಾನು ಎಳೆಯಲು ಮಾಡಿದ್ದು. ಅದರ ಮೇಲೆ ವೀಲ್‌ಚೇರ್ ಹತ್ತಿಸುವವರ ಬೆನ್ನು ಮುರಿಯುತ್ತದೆ, ಇಳಿಯುವಾಗ ಕೂತವರು ಮುಂದಕ್ಕೆ ಬೀಳುತ್ತಾರೆ. ರ‍್ಯಾಂಪಿನ ಎರಡೂ ಕಡೆ ಹಿಡಿದುಕೊಳ್ಳಲು ರೇಲಿಂಗ್, ಕೆಳಗೂ ಮೇಲೂ ಗಾಡಿ ನಿಲ್ಲಿಸಲು ಸಮತಟ್ಟಾದ ಜಾಗ, ಮಳೆಯಲ್ಲಿ ಜಾರದ ನೆಲ ಇರಬೇಕು. ನುಣುಪಾದ ಗ್ರಾನೈಟ್ ಹಾಕಿದ ರ‍್ಯಾಂಪ್ ನೋಡಲು ಚೆಂದ, ಜುಲೈ ತಿಂಗಳಲ್ಲಿ ಅಪಾಯ.

ಮೂರನೆಯದು ಬಾಗಿಲು. ತೆರೆದಾಗ 900 ಮಿ.ಮೀ., ಅಂದರೆ ಹೆಚ್ಚುಕಡಿಮೆ ಮೂರು ಅಡಿ ಖಾಲಿ ಜಾಗ ಸಿಗಬೇಕು. ಹೊಸ್ತಿಲು ನಮಗೆ ಪೂಜ್ಯ, ರಂಗೋಲಿ ಇಡುವ ಜಾಗ. ಮನೆಯ ಹೊಸ್ತಿಲು ಇರಲಿ. ಸಭಾಗೃಹದ ಬಾಗಿಲಲ್ಲಿ ಎರಡು ಇಂಚಿನ ಕಲ್ಲು ಏಕೆ? ಊರುಗೋಲಿನವರು, ಕಣ್ಣು ಮಂಜಾದವರು ಎಡವುವುದು ಅಲ್ಲೇ.

ನಾಲ್ಕನೆಯದು ಲಿಫ್ಟ್ ಮತ್ತು ಮೆಟ್ಟಿಲು. ಲಿಫ್ಟ್ ಇದೆ ಎಂದರೆ ಸಾಲದು. ಅರ್ಧ ಮಹಡಿ ಹತ್ತಿದ ಮೇಲೆ ಲಿಫ್ಟ್ ಸಿಗುವ ಕಟ್ಟಡಗಳು ಮುಂಬೈಯಲ್ಲಿ ಎಷ್ಟಿಲ್ಲ! ಬಾಗಿಲಿನ ಅಗಲ, ಗುಂಡಿಗಳ ಎತ್ತರ, ಅವುಗಳ ಮೇಲೆ ಬ್ರೈಲ್ ಅಕ್ಷರ, ಮಹಡಿ ಹೇಳುವ ಧ್ವನಿ ಇವನ್ನೆಲ್ಲ ನೋಡಬೇಕು. ಮೆಟ್ಟಿಲುಗಳ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಇದೆಯೇ? ಇದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ಐದನೆಯದು ಶೌಚಾಲಯ. ಇದನ್ನು ನಾವು ಹೆಂಗಸರು ಮಾತ್ರ ಸರಿಯಾಗಿ ಹೇಳಬಲ್ಲೆವು. ಕಾರ್ಯಕ್ರಮಕ್ಕೆ ಹೋಗಬೇಕೆಂದರೆ ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವ ಅಜ್ಜಿಯಂದಿರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಕಮೋಡ್ ಇರಬೇಕು, ಗೋಡೆಗೆ ಗಟ್ಟಿಯಾದ ಹಿಡಿಕೆಗಳಿರಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ವೀಲ್‌ಚೇರ್ ಪೂರ್ತಿ ತಿರುಗಲು 1500 ಮಿ.ಮೀ., ಅಂದರೆ ಸುಮಾರು ಐದು ಅಡಿ ಖಾಲಿ ಜಾಗ ಬೇಕು.

ಆರನೆಯದು ಸಭೆ. ವೀಲ್‌ಚೇರಿಗೆ ಹಿಂದಿನ ಗೋಡೆಯ ಪಕ್ಕ ಅಲ್ಲ, ಕುಟುಂಬದವರ ಜತೆ ಕೂರುವ ಹಾಗೆ ಸಾಲಿನ ಮಧ್ಯೆ ಜಾಗ ಬಿಡಬೇಕು. ವೇದಿಕೆಗೆ ಹೋಗುವ ದಾರಿ ಹೇಗಿದೆ? ಸನ್ಮಾನಕ್ಕೆ ಕರೆದ ಹಿರಿಯರನ್ನು ಕೆಳಗೇ ಕೂರಿಸಿ ಶಾಲು ಹೊದಿಸುವುದು ಒಂದು ಅಭ್ಯಾಸವೇ ಆಗಿಬಿಟ್ಟಿದೆ. ಕಿವಿ ಮಂದವಾದವರಿಗೆ ಭಾಷಣದ ಅಕ್ಷರಗಳನ್ನು ಪರದೆಯ ಮೇಲೆ ತೋರಿಸಬಹುದೇ? ಕೊನೆಗೆ, ಬೆಂಕಿ ಬಿದ್ದರೆ ಲಿಫ್ಟ್ ಬಳಸುವಂತಿಲ್ಲ. ಮೇಲಿರುವ ವೀಲ್‌ಚೇರಿನವರು ಎಲ್ಲಿ ಕಾಯಬೇಕು, ಕಿವಿ ಕೇಳದವರಿಗೆ ಎಚ್ಚರಿಕೆ ಹೇಗೆ ತಿಳಿಯುತ್ತದೆ?

ಕಳೆದ ತಿಂಗಳು ನಾವು ನಾಲ್ವರು ಹೀಗೇ ಒಂದು ಸಭಾಗೃಹ ನೋಡಿ ಬಂದೆವು. ಹೆಸರು ಬೇಡ. ನಮ್ಮಲ್ಲೊಬ್ಬರು ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಈಗ ವೀಲ್‌ಚೇರ್ ಬಳಸುವ ಅಕ್ಕ. ರ‍್ಯಾಂಪ್ ಇತ್ತು, ಅಳತೆಯೂ ಸರಿಯಿತ್ತು. ಅದರ ತುದಿಯಲ್ಲಿ ಕೇಟರಿಂಗ್‌ನವರ ಗ್ಯಾಸ್ ಸಿಲಿಂಡರುಗಳಿದ್ದವು. ಎರಡು ಬಾಗಿಲ ಹಲಗೆಗಳಲ್ಲಿ ಒಂದಕ್ಕೆ ಚಿಲಕ ಹಾಕಿತ್ತು, ಉಳಿದರ್ಧದಲ್ಲಿ ಗಾಡಿ ಹೋಗಲಿಲ್ಲ. ಅಂಗವಿಕಲರ ಶೌಚಾಲಯ ಎಂದು ಚಂದದ ಫಲಕವಿತ್ತು, ಬೀಗ ಹಾಕಿತ್ತು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಬೀಗದ ಕೈ ಯಾರ ಹತ್ತಿರ ಇದೆ?" ಅರ್ಧ ಗಂಟೆ ಹುಡುಕಿ ತೆರೆದಾಗ ಒಳಗೆ ಬಕೆಟ್, ಪೊರಕೆ, ಹಳೆಯ ಬ್ಯಾನರುಗಳು. ಅವರು ಜತೆಗಿರದಿದ್ದರೆ ನಾವು ಫಲಕ ನೋಡಿಯೇ 'ಇದೆ' ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆವೋ ಏನೋ. ಆದ್ದರಿಂದ ಯಾವ ತಪಾಸಣೆಯೇ ಆಗಲಿ, ಅದರ ಅಗತ್ಯವಿರುವವರು ತಂಡದಲ್ಲಿರಲೇಬೇಕು. ಬೆಂಗಳೂರಿನಲ್ಲಿ 1959ರಲ್ಲಿ 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ' ಸ್ಥಾಪಿಸಿದ ಎನ್. ಎಸ್. ಹೇಮಾ ಅವರು ಸ್ವತಃ ಪೋಲಿಯೋ ಅನುಭವಿಸಿದವರು. ನಮ್ಮ ಮುಂಬೈಯಲ್ಲಿ 1970ರ ದಶಕದ ಆರಂಭದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದ ಮಿಥು ಅಲೂರ್ ಅವರು ಸೆರೆಬ್ರಲ್ ಪಾಲ್ಸಿ ಇರುವ ಮಗಳ ತಾಯಿ. ಅನುಭವವಿದ್ದ ಹೆಣ್ಣುಮಕ್ಕಳೇ ಈ ಕೆಲಸಕ್ಕೆ ಮೊದಲು ಕೈ ಹಾಕಿದವರು.

ಸಿಕ್ಕಿದ ದೋಷಗಳನ್ನು ಮೂರು ಭಾಗವಾಗಿ ಬರೆಯಿರಿ. ಈ ವಾರವೇ ಆಗುವುದು: ಸಿಲಿಂಡರ್ ಸರಿಸುವುದು, ಚಿಲಕ ತೆಗೆಯುವುದು, ಬೀಗದ ಕೈಗೊಂದು ಜಾಗ, ಮೆಟ್ಟಿಲಿಗೆ ಬಣ್ಣ. ಈ ವರ್ಷ ಆಗುವುದು: ಹಿಡಿಕೆ, ರೇಲಿಂಗ್, ಮಡಚಿಡುವ ರ‍್ಯಾಂಪ್, ಒಂದು ಶೌಚಾಲಯದ ಬದಲಾವಣೆ. ಕಟ್ಟಡಕ್ಕೆ ಕೈ ಹಚ್ಚಿದಾಗ ಆಗಬೇಕಾದದ್ದು: ಲಿಫ್ಟ್, ಉದ್ದನೆಯ ರ‍್ಯಾಂಪ್. ಹೀಗೆ ಬರೆದು ಕೊಟ್ಟರೆ ಕಮಿಟಿಯವರೂ ಗಾಬರಿಯಾಗುವುದಿಲ್ಲ. ಮೊದಲ ಭಾಗಕ್ಕೆ ಹಣವೇ ಬೇಡ ಎಂದು ಅವರಿಗೆ ಕಾಣುತ್ತದೆ.

ಎರಡು ಆಕ್ಷೇಪಗಳು ಬಂದೇ ಬರುತ್ತವೆ. "ನಮ್ಮಲ್ಲಿಗೆ ವೀಲ್‌ಚೇರಿನವರು ಯಾರೂ ಬರುವುದಿಲ್ಲವಲ್ಲ?" ಬರಲು ದಾರಿಯಿಲ್ಲದ ಕಡೆಗೆ ಅವರು ಹೇಗೆ ಬಂದಾರು? ಇನ್ನೊಂದು: "ಹೇಗೂ ರೀಡೆವಲಪ್‌ಮೆಂಟ್ ಆಗಲಿದೆ, ಆಗ ನೋಡೋಣ." ಮುಂಬೈಯಲ್ಲಿ ಆ 'ಆಗ' ಬರಲು ಹತ್ತು ಹದಿನೈದು ವರ್ಷ ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಎಂಬತ್ತೈದು ವಯಸ್ಸಿನವರಿಗೆ ಅಷ್ಟು ಸಮಯವಿಲ್ಲ. ನಿಮ್ಮ ಸೊಸೈಟಿಯೇ ರೀಡೆವಲಪ್‌ಮೆಂಟಿಗೆ ಹೋಗುತ್ತಿದ್ದರೆ, ಬಿಲ್ಡರ್ ನಕ್ಷೆ ತೋರಿಸುವ ದಿನವೇ ಕೇಳಿ: ರಸ್ತೆಯಿಂದ ಲಿಫ್ಟಿನವರೆಗೆ ಒಂದಾದರೂ ಮೆಟ್ಟಿಲಿದೆಯೇ? ಬಚ್ಚಲಮನೆಯ ಬಾಗಿಲು ಎಷ್ಟು ಅಗಲ? ನಕ್ಷೆಯಲ್ಲಿ ಆರು ಇಂಚು ಸರಿಸಲು ಖರ್ಚಿಲ್ಲ. ಗೋಡೆ ಎದ್ದ ಮೇಲೆ ಅದೇ ಆರು ಇಂಚಿಗೆ ಲಕ್ಷಗಟ್ಟಲೆ ಬೇಕು.

ಕೊನೆಯದಾಗಿ ಮಹಿಳಾ ವಿಭಾಗದ ಮುಂದೆ ಎರಡು ಕೋರಿಕೆ ಇಡುತ್ತೇನೆ. ನಮ್ಮ ಸಂಘ ವರ್ಷವಿಡೀ ಬಳಸುವ ಸಭಾಗೃಹಗಳನ್ನು ಮುಂದಿನ ಮೂರು ತಿಂಗಳಲ್ಲಿ ನಾವೇ ಅಳೆದು ವರದಿ ಕೊಡೋಣ. ಟೇಪ್ ನಾನು ತರುತ್ತೇನೆ, ಬರೆಯುವ ಫಾರ್ಮನ್ನು ಕನ್ನಡದಲ್ಲಿ ತಯಾರಿಸಿಯೂ ಕೊಡುತ್ತೇನೆ. ಎರಡನೆಯದು, ಇನ್ನು ಮುಂದೆ ಪ್ರತಿ ಆಮಂತ್ರಣದ ಕೆಳಗೆ, ದಿನಾಂಕ ಸ್ಥಳಗಳ ಜತೆ ಎರಡು ಸಾಲು ಸೇರಿಸೋಣ: ಸಭಾಗೃಹ ಎಷ್ಟನೇ ಮಹಡಿ, ಬಾಗಿಲವರೆಗೆ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯೇ, ಕಮೋಡ್ ಇದೆಯೇ, ಸಹಾಯ ಬೇಕಾದರೆ ಯಾರಿಗೆ ಫೋನ್ ಮಾಡಬೇಕು. ಅದನ್ನು ಓದಿ ಒಬ್ಬ ಅಜ್ಜಿ "ಹಾಗಾದರೆ ನಾನೂ ಬರುತ್ತೇನೆ" ಎಂದು ಸೀರೆ ತೆಗೆದಿಟ್ಟರೆ ಈ ಕೆಲಸ ಸಾರ್ಥಕ.

ತಂಡಕ್ಕೆ ಸೇರಲು ಇಷ್ಟವಿದ್ದವರು ಚಹಾ ಸಮಯದಲ್ಲಿ ಹೆಸರು ಕೊಡಿ.